ಡಾಕ್ಟರಿಗೆ ಪಾಠ ಹೇಳುವ ಗೊಂಬೆ

ಮಕ್ಕಳೇ, ಗೊಂಬೆ ಇಟ್ಟುಕೊಂಡು ಡಾಕ್ಟರಾಟ ಆಡುವವರು ನೀವು ಮಾತ್ರ ಅಂದುಕೊಂಡಿರಾ? ವೈದ್ಯಕೀಯ ಓದುತ್ತಿರುವ ನನ್ನ ಮೊಮ್ಮಗಳೂ ಆಡುತ್ತಾಳೆ. ಅದಕ್ಕೆ ಹಾಜರಿ ಬೇರೆ!

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಸೇರಿದಂತೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. 2019ರ ಹೊಸ ಪಠ್ಯಕ್ರಮದಂತೆ ಇಂಥ ಕಾಲೇಜುಗಳಲ್ಲೆಲ್ಲ 'ಸ್ಕಿಲ್ಸ್ ಲ್ಯಾಬ್' ಇರಬೇಕು. ರಬ್ಬರಿನ ತೋಳಿಗೆ ಸೂಜಿ ಚುಚ್ಚುವುದು, ಗೊಂಬೆಯ ಎದೆ ಒತ್ತುವುದು ಅಲ್ಲಿನ ಪಾಠ. ಎದೆ ಒತ್ತಿ ಕಲಿಯುವ ಗೊಂಬೆಯನ್ನು 1960ರಲ್ಲಿ ಹೊರತಂದವರು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್.

ಹಿಂದೊಮ್ಮೆ ನನಗೆ ಡೆಂಗಿ ಬಂದಾಗ, ಹೊಸ ಹುಡುಗನೊಬ್ಬ ನರ ಸಿಗದೆ ನಾಲ್ಕು ಸಲ ಚುಚ್ಚಿದ. ಅವನ ಕೈ ನಡುಗುತ್ತಿತ್ತು, ಬೈಯಲು ಮನಸ್ಸಾಗಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಹೊಸಬರಿಗೆ ಮೊದಲು ಬಿಳಿ ಹಾಳೆಯ ಕಟ್ಟು ಕೊಟ್ಟು ನೋಟು ಎಣಿಸಲು ಕಲಿಸುತ್ತಿದ್ದರು. ಪಾಪ, ಅವನಿಗೆ ಅಂಥ ಹಾಳೆ ಸಿಕ್ಕಿರಲಿಲ್ಲ.

"ಗೊಂಬೆಗೆ ನೋವಾಗಲ್ಲ, ಭಯವೂ ಆಗಲ್ಲ ತಾತ. ರೋಗಿಗೆ ಧೈರ್ಯ ಹೇಳೋದನ್ನ ರೋಗಿ ಹತ್ತಿರವೇ ಕಲೀಬೇಕು" ಅನ್ನುತ್ತಾಳೆ ಮೊಮ್ಮಗಳು. ನಿಜವೇ.

ನನ್ನಾಕೆಗೆ ಹೃದಯದ ತೊಂದರೆಯಿದೆ. ಹಾಗಾಗಿ ಹಲಸೂರಿನ ನಮ್ಮ ಮನೆಯಲ್ಲಿ ದಿಂಬೇ ಗೊಂಬೆ, ಈ ಮುದುಕನೇ ವಿದ್ಯಾರ್ಥಿ. ಯಾರಾದರೂ ಕುಸಿದುಬಿದ್ದು, ಕರೆದರೆ ಓಗೊಡದೆ, ಉಸಿರೂ ಆಡದಿದ್ದರೆ ತಕ್ಷಣ 108ಕ್ಕೆ ಫೋನ್. ಆಮೇಲೆ ದೊಡ್ಡವರಾದರೆ ಎದೆಯ ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎರಡೇ ನಿಮಿಷಕ್ಕೆ ನನಗೆ ಬೆವರು ಕಿತ್ತುಬಂತು!

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳ ಜೊತೆ ತಿಳಿದವರಿಂದ ಇದನ್ನು ಕಲಿಯಿರಿ. ಮಕ್ಕಳೇ, ಅಭ್ಯಾಸ ದಿಂಬಿನ ಮೇಲೆ ಮಾತ್ರ. ತಮ್ಮನ ಮೇಲೆ ಬೇಡ!