ಬಂದರು ಉಳಿದರೆ ಊರು

ಹೇಮಾಯ್, ಐಸ್‌ಲ್ಯಾಂಡ್



ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಾಚೆ ಹರಡಿರುವ ವೆಸ್ಟ್‌ಮನ್ ದ್ವೀಪಗಳಲ್ಲಿ ಊರು ಇರುವುದು ಹೇಮಾಯ್ ಒಂದರಲ್ಲೇ. ಅದರ ವಿಸ್ತಾರ ಸುಮಾರು 13 ಚದರ ಕಿಲೋಮೀಟರ್, ಜನಸಂಖ್ಯೆ ನಾಲ್ಕೂವರೆ ಸಾವಿರದ ಆಸುಪಾಸು. ಎದುರಿನ ಮುಖ್ಯಭೂಮಿಯ ತೀರ ಉದ್ದಕ್ಕೂ ಮರಳು ದಿಬ್ಬವಾಗಿದ್ದು, ಹಡಗು ತಂಗುವಂಥ ಸ್ವಾಭಾವಿಕ ಬಂದರು ಈ ದ್ವೀಪದ ಉತ್ತರ ಮಗ್ಗುಲಲ್ಲಿ ಮಾತ್ರ ಇರುವುದರಿಂದ, ನದಿಯಿಲ್ಲದ ಈ ಬಂಡೆಯ ಮೇಲೆ ಜನ ಶತಮಾನಗಳ ಕಾಲ ಮಳೆನೀರು ಹಿಡಿದು ಕುಡಿಯುತ್ತಾ ಮೀನು ಹಿಡಿದುಕೊಂಡು ಬದುಕಿದರು. ಮುಖ್ಯಭೂಮಿಯಿಂದ ಸಮುದ್ರದಡಿಯ ಕೊಳವೆಯಲ್ಲಿ ಸಿಹಿನೀರು ಬಂದದ್ದು 1968ರಲ್ಲಿ.

ಇಲ್ಲಿನ ಜನಸಂಖ್ಯೆಯ ಚರಿತ್ರೆ ಏರುತ್ತಾ ಹೋಗುವ ಗೆರೆಯಲ್ಲ. 1627ರ ಜುಲೈಯಲ್ಲಿ ಉತ್ತರ ಆಫ್ರಿಕದ ಅಲ್ಜೀರ್ಸಿನಿಂದ ಬಂದ ಕಡಲ್ಗಳ್ಳರು ಇನ್ನೂರಕ್ಕೂ ಹೆಚ್ಚು ನಿವಾಸಿಗಳನ್ನು ಸೆರೆಹಿಡಿದು ಗುಲಾಮರ ಸಂತೆಗೆ ಒಯ್ದರು. ವರ್ಷಗಳ ನಂತರ ಒತ್ತೆಹಣ ಕೊಟ್ಟು ಬಿಡಿಸಿಕೊಂಡ ಮೇಲೆ ತಾಯ್ನಾಡು ಮುಟ್ಟಿದವರು ಕೆಲವೇ ಮಂದಿ. ಕಡಲ್ಗಳ್ಳರ ಕಥೆ ಪ್ರಸಿದ್ಧವಾದಷ್ಟು ಅದಕ್ಕಿಂತ ದೀರ್ಘಕಾಲದ ಇನ್ನೊಂದು ಸಂಕಟ ಪ್ರಸಿದ್ಧವಾಗಿಲ್ಲದಿರುವುದು ವಿಚಿತ್ರ: ಹೊಕ್ಕುಳ ಗಾಯದ ಮೂಲಕ ಹಸುಗೂಸುಗಳಿಗೆ ತಗಲುವ ಧನುರ್ವಾಯುವಿನಿಂದ, 19ನೇ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಕೆಲವು ವಾರಗಳಲ್ಲೇ ತೀರಿಕೊಳ್ಳುತ್ತಿದ್ದವು. 1847ರಲ್ಲಿ ಬಂದ ಡೇನಿಷ್ ವೈದ್ಯ ಪೀಟರ್ ಆಂಟನ್ ಶ್ಲೈಸ್ನರ್, ಒಂದು ಹೆರಿಗೆ ಮನೆಯನ್ನು ನಡೆಸಿ, ಬಾಣಂತಿ ಮತ್ತು ಕೂಸಿನ ಚೊಕ್ಕಟತನಕ್ಕೂ ಹೊಕ್ಕುಳಿಗೆ ಹಚ್ಚುವ ತೈಲಕ್ಕೂ ಒತ್ತುಕೊಟ್ಟ ಮೇಲೆ ಈ ಸಾವು ಶೀಘ್ರವಾಗಿ ಇಳಿಯಿತು. ರೋಗಾಣುವಿನ ಕಲ್ಪನೆಯೇ ಇನ್ನೂ ಬೇರೂರಿರದ ಕಾಲದಲ್ಲಿ ಇದು ಸಾಧ್ಯವಾಯಿತೆಂಬುದು ಗಮನಾರ್ಹ. ಹುಟ್ಟಿದ ಮಕ್ಕಳು ಬದುಕಿದರು. 20ನೇ ಶತಮಾನದ ಮೊದಲ ದಶಕದಲ್ಲಿ ಹುಟ್ಟು ಹಾಕುವ ದೋಣಿಗಳ ಜಾಗಕ್ಕೆ ಯಾಂತ್ರಿಕ ದೋಣಿಗಳು ಬಂದಾಗ ಹೊರಗಿನಿಂದಲೂ ದುಡಿಯುವವರು ಬಂದು ಸೇರಿದರು. ಕೆಲವು ನೂರು ಜನರ ಹಳ್ಳಿ ಐದು ಸಾವಿರ ದಾಟಿದ ಪಟ್ಟಣವಾಯಿತು.

1973ರ ಜನವರಿ 23ರ ನಡುರಾತ್ರಿಯ ನಂತರ ಪಟ್ಟಣದ ಪೂರ್ವದ ಅಂಚಿನಲ್ಲಿ ನೆಲವೇ ಸೀಳಿ ಜ್ವಾಲಾಮುಖಿ ಎದ್ದಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುಗಾರಿಕೆಯ ದೋಣಿಗಳೆಲ್ಲ ಬಂದರಿನಲ್ಲೇ ನಿಂತಿದ್ದ ಕಾರಣ ಸುಮಾರು 5,300 ಜನರಲ್ಲಿ ಹೆಚ್ಚಿನವರನ್ನು ಬೆಳಗಾಗುವಷ್ಟರಲ್ಲಿ ಆಚೆ ದಡಕ್ಕೆ ಸಾಗಿಸಲಾಯಿತು, ಸತ್ತವನು ಒಬ್ಬನೇ. ಆದರೆ ಸುಮಾರು 400 ಮನೆಗಳು ಬೂದಿಯಡಿ ಅಥವಾ ಲಾವಾ, ಅಂದರೆ ಭೂಮಿಯೊಳಗಿಂದ ಉಕ್ಕಿ ಹರಿಯುವ ಕರಗಿದ ಶಿಲೆ, ಅದರಡಿ ಹೂತುಹೋದವು. ಮನೆಗಳಿಗಿಂತ ದೊಡ್ಡ ಭಯವಿದ್ದದ್ದು ಬಂದರಿನ ಬಾಯಿಯ ಬಗ್ಗೆ; ಲಾವಾ ಅದನ್ನು ಮುಚ್ಚಿದರೆ ಹಿಂದಿರುಗಲು ಯಾರಿಗೂ ಕಾರಣವಿರುತ್ತಿರಲಿಲ್ಲ. ಭೌತವಿಜ್ಞಾನಿ ಥೋರ್ಬ್ಯೋರ್ನ್ ಸಿಗುರ್ಗೈರ್ಸನ್ ಅವರ ಸಲಹೆಯಂತೆ, ಮುನ್ನುಗ್ಗುವ ಲಾವಾದ ಅಂಚನ್ನೇ ಗಟ್ಟಿಗೊಳಿಸಿ ಅಡ್ಡಗೋಡೆಯಾಗಿಸಲು ಲಕ್ಷಾಂತರ ಟನ್ ಸಮುದ್ರದ ನೀರನ್ನು ತಿಂಗಳುಗಟ್ಟಲೆ ಪಂಪು ಮಾಡಲಾಯಿತು. ಉರಿಯುವ ಬೆಟ್ಟಕ್ಕೆ ನೀರು ಹೊಯ್ಯುವುದು ಮೊದಲಿಗೆ ಹುಚ್ಚುತನವೆಂದೇ ತೋರಿರಬೇಕು. ಜುಲೈ ಆರಂಭದಲ್ಲಿ ಸ್ಫೋಟ ನಿಂತಾಗ ದ್ವೀಪ ಎರಡು ಚದರ ಕಿಲೋಮೀಟರಿಗೂ ಹೆಚ್ಚು ಬೆಳೆದಿತ್ತು. ಬಂದರಿನ ಬಾಯಿ ಕಿರಿದಾಗಿ ಅಲೆಗಳಿಂದ ಮೊದಲಿಗಿಂತ ಹೆಚ್ಚು ರಕ್ಷಿತವೂ ಆಗಿತ್ತು. ತಣಿಯದ ಲಾವಾದ ಶಾಖವನ್ನೇ ಕೊಳವೆಗಳಲ್ಲಿ ಹಾಯಿಸಿ ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಊರಿನ ಮನೆಗಳನ್ನು ಬೆಚ್ಚಗಿಟ್ಟರು.

1975ರ ಹೊತ್ತಿಗೆ ಐದರಲ್ಲಿ ನಾಲ್ಕು ಪಾಲಿನಷ್ಟು ಜನ ಮರಳಿದ್ದರೂ ಸ್ಫೋಟದ ಹಿಂದಿನ ಸಂಖ್ಯೆ ಮತ್ತೆ ಬರಲಿಲ್ಲ. ಅದರ ಹೊಣೆಯನ್ನೆಲ್ಲ ಜ್ವಾಲಾಮುಖಿಯ ಮೇಲೆ ಹೊರಿಸುವುದು ಸರಿಯಲ್ಲ. ಇಂತಿಷ್ಟೇ ಮೀನು ಹಿಡಿಯಬಹುದೆಂದು ಪ್ರತಿ ದೋಣಿಗೂ ಪಾಲು ಗೊತ್ತುಮಾಡುವ ಕೋಟಾ ಪದ್ಧತಿ 1984ರಲ್ಲಿ ಜಾರಿಗೆ ಬಂದು, ಆ ಪಾಲನ್ನು ಮಾರಬಹುದಾದ ಮೇಲೆ, ದೇಶದುದ್ದಕ್ಕೂ ಮೀನುಗಾರಿಕೆ ದೊಡ್ಡ ಕಂಪನಿಗಳ ಕೈಗೆ ಸರಿಯಿತು. ದೊಡ್ಡ ಹಡಗಿಗೂ ಯಂತ್ರಗಳ ಕಾರ್ಖಾನೆಗೂ ಹಿಂದಿನಷ್ಟು ಕೈಗಳು ಬೇಕಿಲ್ಲ. ಈಗ ಐಸ್‌ಲ್ಯಾಂಡಿನ ಮೀನು ಸಂಸ್ಕರಣೆಯಲ್ಲಿ ದುಡಿಯುವವರಲ್ಲಿ ಪೋಲೆಂಡಿನಿಂದ ಬಂದವರು ಬಹಳ. 2010ರಲ್ಲಿ ಎದುರು ದಡದಲ್ಲಿ ಹೊಸ ಬಂದರು ಕಟ್ಟಿದ್ದರಿಂದ ಮೂರು ಗಂಟೆಯ ಹತ್ತಿರ ಹಿಡಿಯುತ್ತಿದ್ದ ಹಡಗಿನ ಪ್ರಯಾಣ ಮುಕ್ಕಾಲು ಗಂಟೆಯೊಳಕ್ಕೆ ಇಳಿದಿದೆಯಾದರೂ, ಚಳಿಗಾಲದಲ್ಲಿ ಆ ಬಂದರಿಗೆ ಮರಳು ತುಂಬಿಕೊಂಡಾಗ ಹಡಗು ಹಳೆಯ ದೀರ್ಘ ದಾರಿಯನ್ನೇ ಹಿಡಿಯಬೇಕಾಗುತ್ತದೆ.