ಕಂಪ್ಯೂಟರಿನ ತಲಿ ಕಾದಾಗ

ಕಂಪ್ಯೂಟರ್ ತಾನಾಗೇ ಬಂದ್ ಆಗ್ಲಿಕ್ಕೆ ಹತ್ತಿತು ಅಂದ್ರ ಎಲ್ಲಾರೂ ಮೊದ್ಲು ಕರೆಂಟಿಗೆ ಬೈತಾರ, ಆಮ್ಯಾಲೆ ವೈರಸ್ಸಿಗೆ. ಆದ್ರ ಒಂದು ಗುರ್ತು ಹೇಳ್ತೀನಿ ನೋಡ್ರಿ. ಮುಂಜಾನೆ ತಣ್ಣಗಿದ್ದಾಗ ಇಪ್ಪತ್ತು ನಿಮಿಷ ನಡೀತದ, ಮಧ್ಯಾಹ್ನ ಎಂಟೇ ನಿಮಿಷಕ್ಕ ಟಪ್ ಅಂತ ಆರ್ತದ. ಕೂಡ್ಲೇ ಮತ್ತ ಚಾಲೂ ಮಾಡಿದ್ರ ಎರಡೇ ನಿಮಿಷ. ಒಂದು ತಾಸು ಬಿಟ್ಟು ಚಾಲೂ ಮಾಡಿದ್ರ ಮತ್ತ ಶಾಣ್ಯಾನಂಗ ಕೆಲಸಾ ಮಾಡ್ತದ. ಹಿಂಗಿತ್ತಂದ್ರ ಅದು ಕಾವು. ನಮ್ಮ ವಿಜಯಪುರದ ಕಡೆ ಮೇ ತಿಂಗಳದಾಗ 40 ಡಿಗ್ರಿ ದಾಟೂದು ಹೊಸಾದೇನಲ್ಲ. ಮನಷ್ಯಾರೇ ನೆರಳು ಹುಡುಕ್ತಾರ, ಆ ಡಬ್ಬಿ ಎಲ್ಲಿಗೆ ಹೋಗಬೇಕು?

ನಮ್ಮ ಕಂಪ್ಯೂಟರ್ ಮಗಳು ಕಾಲೇಜಿಗೆ ಹೋಗೂವಾಗ ತಂದದ್ದು. ಆಕಿ ಈಗ ಪುಣೆದಾಗ ನೌಕರಿ ಮಾಡ್ತಾಳ, ಡಬ್ಬಿ ನನ್ನ ಪಾಲಿಗೆ ಬಂತು. ಹೊಸಾ ತೊಗೊಳ್ರಿ, ಹಳೇದಕ್ಕ ಯಾಕ ಜೋತು ಬಿದ್ದೀರಿ ಅಂತ ಕೇಳಿದವರಿಗೆ ನಾ ಹೇಳೂದು ಇಷ್ಟ: ಅದರ ಹಿಂದ ಟೇಪ್ ರೆಕಾರ್ಡರಿನ ವೈರ್ ಸಿಗಸೋ ತೂತು ಅದ, ಅದರಾಗ ಪದಾ ತುಂಬಲಿಕ್ಕೆ ನನಗ ಕೈ ಕೂಡೇದ. ಏನು ಪದ ಅಂದ್ರ ನಮ್ಮವ್ವಂದು. ಬೀಸೂ ಪದ, ಸೋಬಾನ ಪದ, ತೊಟ್ಟಿಲ ಪದ. ನಮ್ಮಣ್ಣ 1992ರಾಗ ಹೊಸಾ ಟೇಪ್ ರೆಕಾರ್ಡರ್ ತಂದಾಗ ಅಂಗಳದಾಗ ಕೂಡ್ಸಿ ಹಾಡಿಸಿದ್ದ. ಏಳು ಕ್ಯಾಸೆಟ್ ಅವ. ಅವ್ವ ಹೋಗಿ ಈಗ ಹದಿನೈದು ವರ್ಷದ ಮ್ಯಾಲಾತು. ಆ ಪದಾ ಬರಕೊಂಡವರು ಯಾರಿಲ್ಲ, ಬಾಯಿಪಾಠ ಇದ್ದವರೂ ಉಳದಿಲ್ಲ.

ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಇಳಸೂದು ಮೊಬೈಲಿನ ಫೋಟೋ ಕಳಸಿದಂಗಲ್ಲ. ಅರ್ಧ ತಾಸಿನ ಬಾಜು ಇಳೀಲಿಕ್ಕೆ ಅರ್ಧ ತಾಸೇ ಬೇಕು, ಹಾಡು ಹಾಡಕೋತ ಹೋಗಬೇಕು. ಡಬ್ಬಿ ಎಂಟು ನಿಮಿಷಕ್ಕ ಆರಿದ್ರ ಮತ್ತ ಹಿಂದಕ್ಕ ಸುತ್ತಬೇಕು. ಹಳೇ ಪಟ್ಟಿ ಎಷ್ಟು ಸಲ ಸುತ್ತಿಸ್ಕೋತದ? ಅದರಾಗ ಮೂರು 90 ನಿಮಿಷದವು, ಅವುಗಳ ಪಟ್ಟಿ 60ರದಕ್ಕಿಂತ ತೆಳು. ನಾ ಬಳಸೂ ಆಡಾಸಿಟಿ ಅನ್ನೂ ಸಾಫ್ಟ್‌ವೇರ್ ಅರ್ಧಕ್ಕ ನಿಂತದ್ದನ್ನ ಎಷ್ಟೋ ಸಲ ವಾಪಸ್ ಕೊಡ್ತದ ಖರೇ, ಆದ್ರ ಪದ ನಡುವ ಕಡದದ್ದು ಕಡದದ್ದ. ಒಂದೇ ಕ್ಯಾಸೆಟ್ಟಿನ ಒಂದೇ ಬಾಜು ನಾಕು ಸಲ ಸುತ್ತಿದ ಮ್ಯಾಲೆ ಅವ್ವನ ಧ್ವನಿ ಒಂದು ಕಡೆ ಅಲುಗಿಧಂಗ ಕೇಳಿಸ್ತು. ಅವತ್ತ ಎಲ್ಲಾ ನಿಲ್ಲಿಸಿಬಿಟ್ಟೆ.

ರಿಪೇರಿ ಅಂಗಡಿಗೆ ಒಯ್ದು ತೋರಿಸಿದ್ವಿ. ಹುಡುಗ ಮುಚ್ಚಳಾ ಸುದ್ದಾ ತಗೀಲಿಲ್ಲ, "ಮದರ್‌ಬೋರ್ಡ್ ಹೋಗೇದ ಆಂಟಿ, ಹೊಸಾದು ತೊಗೊಳ್ರಿ" ಅಂದ. ಮುಚ್ಚಳಾ ತಗೀಲಾರದ ಸಾರಿಗೆ ಉಪ್ಪು ಕಡಿಮಿ ಅದ ಅಂದವರ ಮಾತು ನಾ ಎಂದೂ ನಂಬಿಲ್ಲ. ವಾಪಸ್ ತಂದ್ವಿ.

ರಾತ್ರಿ ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಆಕಿ ಮೊದ್ಲು ಮಾಡ್ಸಿದ್ದು ಉಷ್ಣ ನೋಡೂದು. ಚಾಲೂ ಮಾಡಿದ ಕೂಡ್ಲೇ ಡಿಲೀಟ್ ಗುಂಡಿ ಒತ್ತಿದ್ರ ಬಯಾಸ್ ಅನ್ನೂ ಪರದೆ ಬರ್ತದ, ಕೆಲವು ಕಂಪನಿಯವಕ್ಕ ಎಫ್2. ಅದರಾಗ ಪ್ರೊಸೆಸರಿನ ಉಷ್ಣ ಎಷ್ಟು ಅಂತ ಬರದಿರ್ತದ. ಏನೂ ಕೆಲಸಾ ಹಚ್ಚಿಲ್ಲ, ಸುಮ್ನ ಕೂತದ, ಆದ್ರೂ 86. ನೋಡ್ಕೋತ ನೋಡ್ಕೋತ 91, 94. "ಅವ್ವಾ, ಬಂದ್ ಮಾಡು ಸಾಕು" ಅಂದ್ಲು. ಸಾಮಾನ್ಯ ಪ್ರೊಸೆಸರುಗಳು 100 ಡಿಗ್ರಿ ಹತ್ರ ಬಂದ್ರ ತಮ್ಮ ವೇಗ ತಾವ ತಗ್ಗಸ್ಕೋತಾವ, ಅದೂ ಸಾಲಲಿಲ್ಲ ಅಂದ್ರ ಸುಟ್ಟು ಹೋಗಬಾರದಂತ ಆರಸ್ಕೋತಾವ. ಅಂದ್ರ ನಮ್ಮ ಡಬ್ಬಿ ಸಾಯ್ಲಿಕ್ಕೆ ಹತ್ತಿದ್ದಿಲ್ಲ, ಜೀವಾ ಉಳಸ್ಕೊಳ್ಳಿಕ್ಕೆ ಹತ್ತಿತ್ತು.

ಕಾವು ಯಾಕ ಹೊರಗ ಹೋಗವಲ್ದು ಅಂದ್ರ ಆಕಿ ಪೇಸ್ಟ್ ಒಣಗಿರಬೇಕು ಅಂದ್ಲು. ನಾ ತಿಳಕೊಂಡ ಪರಿ ಹೇಳ್ತೀನಿ. ಪ್ರೊಸೆಸರ್ ಅಂದ್ರ ಬಿಸ್ಕೀಟಿನಷ್ಟು ಸಣ್ಣದು, ಮ್ಯಾಲೆ ಲೋಹದ ಮುಚ್ಚಳ. ಅದರ ಮ್ಯಾಲೆ ರೆಕ್ಕಿ ರೆಕ್ಕಿ ಇರೂ ಅಲ್ಯುಮಿನಿಯಮ್ ಗಟ್ಟಿ, ಅದರ ನೆತ್ತಿ ಮ್ಯಾಲೆ ಫ್ಯಾನು. ಕಣ್ಣಿಗೆ ಎರಡೂ ಲೋಹ ನುಣ್ಣಗ ಕಂಡ್ರೂ ಒಂದರ ಮ್ಯಾಲೆ ಒಂದು ಇಟ್ರ ನಡುವ ಕೂದಲಿಗಿಂತ ಸಣ್ಣ ಸಂದಿ ಉಳೀತಾವ, ಅದರಾಗ ಗಾಳಿ. ಗಾಳಿ ಏನು ಮಾಡ್ತದ ಅನ್ನೂದು ಕೌದಿ ಹೊಲದ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೇ ಸೀರಿ ಹತ್ತು ಪದರು ಹಾಕಿ ಹೊಲದ್ರ ಬೆಚ್ಚಗ ಇಡೂದು ಬರೇ ಅರಿವಿ ಅಲ್ಲ, ಪದರಿನ ನಡುವ ಸಿಕ್ಕ ಗಾಳಿ. ಆ ಸಂದಿ ಕೂಡ ಪ್ರೊಸೆಸರಿಗೆ ಹೊಚ್ಚಿದ ಕೌದಿ. ಆ ಗಾಳಿ ತಗದು ತುಂಬಲಿಕ್ಕೆ ಪೇಸ್ಟ್ ಹಚ್ಚೂದು.

ಮಗಳು ಲೆಕ್ಕಾನೂ ಹೇಳಿದ್ಲು. ಕಾವು ಒಯ್ಯೂ ಶಕ್ತಿ ತಾಮ್ರಕ್ಕ ಸುಮಾರು 400 ಅಂದ್ರ ಅಲ್ಯುಮಿನಿಯಮ್ಮಿಗೆ 200ರ ಮ್ಯಾಲೆ, ಪೇಸ್ಟಿಗೆ 4ರಿಂದ 8, ಗಾಳಿಗೆ 0.03 ಸುದ್ದಾ ಇಲ್ಲ. ಈ ಲೆಕ್ಕದಾಗ ಎರಡು ಮಾತು ಅವ. ಪೇಸ್ಟ್ ಗಾಳಿಗಿಂತ ನೂರು ಪಾಲು ಛಲೋ. ಆದ್ರ ಲೋಹದ ಮುಂದ ಅದು ಏನೂ ಅಲ್ಲ. ಅದಕ್ಕ ಬೆಣ್ಣಿ ಮೆತ್ತಿದಂಗ ಮೆತ್ತಿದ್ರ ಅದೇ ಮತ್ತೊಂದು ಕೌದಿ ಆಗ್ತದ.

ಬಿಚ್ಚೂ ದಿನಾ ನಮ್ಮನಿಯವರು ಬಾಗಲದಾಗ ನಿಂತಿದ್ರು. "ಬಿಚ್ಚೂದು ಬಿಚ್ತಿ, ಮತ್ತ ಕೂಡಸ್ಲಿಕ್ಕೆ ಬರ್ತದೇನ?"

"ಮೂವತ್ತು ವರ್ಷದಿಂದ ಹೊಲಿಗಿ ಮಷಿನ್ ಬಿಚ್ಚಿ ಎಣ್ಣಿ ಬಿಟ್ಟು ಕೂಡ್ಸೂದು ಯಾರ್ರೀ?" ಅಂದೆ. ಸುಮ್ಮನಾಗಿ ಟಾರ್ಚ್ ಹಿಡದ್ರು.

ಐದು ನಿಮಿಷ ಚಾಲೂ ಇಟ್ಟು ಆಮ್ಯಾಲೆ ಬಂದ್ ಮಾಡಿದ್ವಿ, ಯಾಕಂದ್ರ ಪೇಸ್ಟ್ ಬೆಚ್ಚಗಿದ್ರ ಬಿಡ್ತದ, ತಣ್ಣಗಿದ್ರ ಕಚ್ಚಿ ಹಿಡೀತದ. ವೈರ್ ಎಲ್ಲಾ ಗ್ವಾಡಿಯಿಂದ ಕಿತ್ತು, ಚಾಲೂ ಮಾಡೂ ಗುಂಡಿ ಒಂದಿಷ್ಟು ಹೊತ್ತು ಒತ್ತಿ ಹಿಡದೆ, ಒಳಗ ಉಳದ ಕರೆಂಟ್ ಹೋಗ್ತದಂತ. ಹತ್ತಿ ಸೀರಿನೇ ಉಟ್ಟಿದ್ದೆ. ಒಣಾ ಹವಾದಾಗ ಪಾಲಿಸ್ಟರ್ ಸೀರಿ ಚಟಚಟ ಅಂತದಲ್ಲ, ಆ ಕಿಡಿ ಈ ಸಾಮಾನಿಗೆ ಆಗಿಬರೂದಿಲ್ಲ. ನಡನಡುವ ಡಬ್ಬಿಯ ಬರೇ ತಗಡು ಮುಟ್ಟಬೇಕು.

ಪಕ್ಕದ ತಗಡು ತಗದ್ರ ಫ್ಯಾನಿನ ಕೆಳಗ ರೆಕ್ಕಿನೇ ಕಾಣಿಸ್ಲಿಲ್ಲ. ಬೂದಿ ಬಣ್ಣದ ಕಂಬಳಿ ಹಾಸಿಧಂಗ ಧೂಳಾ. ಬರೇ ಧೂಳಾ ಅಲ್ಲ. ಆ ಕೋಣಿ ಅಡಿಗಿ ಮನಿಗೆ ಹತ್ತಿಕೊಂಡದ, ರೊಟ್ಟಿ ಬಡಿಯೂ ಹಿಟ್ಟು, ಒಗ್ಗರಣಿ ಎಣ್ಣಿ ಹೊಗಿ ಎಲ್ಲಾ ಕೂಡಿ ಜಿಗಟಾಗಿತ್ತು. ಮೆತ್ತನ ಬಣ್ಣದ ಬ್ರಶ್ಶಿಲೆ ಕೆರದು ಕೆರದು ತಗದೆ. ಫ್ಯಾನಿಗೆ ಗಾಳಿ ಹೊಡಿಯೂದಿದ್ರ ಬಟ್ಟಿಲೆ ರೆಕ್ಕಿ ಹಿಡದು ಹೊಡೀರಿ, ಗಿರಗಿರ ತಿರಗಸಬ್ಯಾಡ್ರಿ, ಕೆಡ್ತದ.

ಗಟ್ಟಿಯ ನಾಕೂ ಮೂಲಿಗೆ ಕರೀ ಪ್ಲಾಸ್ಟಿಕ್ಕಿನ ನಾಕು ಗೂಟ. ತಲಿ ಮ್ಯಾಲೆ ಬಾಣದ ಗುರ್ತು ಇರ್ತದ. ಬಾಣ ತೋರಿಸಿದ ಕಡೆ ತಿರುವಿ ಮ್ಯಾಲಕ್ಕ ಎಳದ್ರ ಬಿಡ್ತಾವ. ಮೂರು ಎಳದೆ. ನಾಕನೇದು ಎಳಿಯೂ ಕೆಲಸಾನೇ ಇರ್ಲಿಲ್ಲ, ಅದು ಮೊದಲೇ ಮ್ಯಾಲೆ ಎದ್ದಿತ್ತು! ಒಂದು ಮೂಲಿ ಯಾವಾಗ ಸಡ್ಲಾಗಿತ್ತೋ ದೇವರಿಗೆ ಗೊತ್ತು. ಮೊಬೈಲಿನಾಗಿಂದ ಮಗಳು ಒದರಿದ್ಲು, "ಸಿಕ್ತು ನೋಡವ್ವಾ! ಎಳೀಬ್ಯಾಡ ಮತ್ತ, ಹಗೂರಕ ಅತ್ತಿತ್ತ ತಿರುವು." ನಮ್ಮದು ಇಂಟೆಲ್, ಪ್ರೊಸೆಸರಿಗೆ ಮ್ಯಾಲೆ ಚೌಕಟ್ಟಿನ ಹಿಡಿತ ಇರ್ತದ. ಕಾಲು ಕಾಲು ಇರೂ ಎಎಂಡಿ ಪ್ರೊಸೆಸರಿದ್ರ, ಸಟ್ಟನ ಎಳದ್ರ ಗಟ್ಟಿ ಸಂಗಾಟ ಪ್ರೊಸೆಸರೂ ಕಿತ್ತು ಬಂದು ಕಾಲು ಸೊಟ್ಟ ಆಗಬಹುದು.

ಗಟ್ಟಿ ಬಿಡ್ತು. ಹಳೇ ಪೇಸ್ಟ್ ನೋಡಿದ್ರ ಥೇಟ್ ಸಾಣಿಕಲ್ಲಿನ ಮ್ಯಾಲೆ ಒಣಗಿದ ಗಂಧ. ಬಿರಕು ಬಿಟ್ಟು, ಒಂದು ಕಡೆ ಹಕ್ಕಳಿ ಎದ್ದು, ಸಡ್ಲಾದ ಮೂಲಿಗೆ ಏನೂ ಹತ್ತಿದ್ದೇ ಇಲ್ಲ. ಈ ಪೇಸ್ಟಿನಾಗ ಇರೂದು ಸಿಲಿಕೋನ್ ಎಣ್ಣಿ, ಅದರಾಗ ಕಲಸಿದ ಜಿಂಕ್ ಆಕ್ಸೈಡ್, ಅಲ್ಯುಮಿನಿಯಮ್ ಆಕ್ಸೈಡಿನಂಥಾ ಪುಡಿ. ಕಾದು ತಣ್ಣಗಾಗಿ, ಕಾದು ತಣ್ಣಗಾಗಿ ಎಣ್ಣಿ ಬ್ಯಾರೆ ಆಗಿ ಬರೇ ಪುಡಿ ಉಳೀತದ.

ಒರಸ್ಲಿಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ರಿಪೇರಿ ಸಾಮಾನಿನ ಅಂಗಡ್ಯಾಗ ಐಪಿಎ ಅಂದ್ರ ಕೊಡ್ತಾರ, 99 ಅಂತ ಬರದದ್ದು ತೊಗೊಳ್ರಿ. ಕೊರೊನಾ ಕಾಲದ ಸ್ಯಾನಿಟೈಸರ್ ಉಳದದ, ಅದು ನಡೀತದೇನು ಅಂತ ನಮ್ಮನಿಯವರು ಬಾಟ್ಲಿ ಹಿಡ್ಕೊಂಡು ಬಂದ್ರು. ಅದರಾಗ ನೀರು, ಗ್ಲಿಸರಿನ್ ಇರ್ತದ, ಬ್ಯಾಡ. ಉಗರಿನ ಬಣ್ಣ ತಗಿಯೂದೂ ಬ್ಯಾಡ. ಚಾಕು, ತಂತಿ ಬ್ರಶ್ ಅಂತೂ ಕೈಯಾಗ ಹಿಡೀಲೇಬ್ಯಾಡ್ರಿ. ಐಪಿಎ ಬೆಂಕಿ ಭಾಳ ಲಗೂ ಹಿಡೀತದ, ಅದಕ್ಕ ದೇವರ ದೀಪಾ ಶಾಂತ ಆದ ಮ್ಯಾಲೇ ಬಾಟ್ಲಿ ತಗದೆ, ಕಿಡಕಿ ತಗದಿಟ್ಟೆ.

ಕನ್ನಡಕ ಒರಸೂ ಅರಿವಿಗೆ ನಾಕು ಹನಿ ಹಾಕ್ಕೊಂಡು, ಪೇಸ್ಟಿನ ಮ್ಯಾಲೆ ಅರ್ಧ ನಿಮಿಷ ಇಟ್ಟೆ, ನೆನೀಲಿ ಅಂತ. ಸೀದ ಹಾಲಿನ ಪಾತೇಲಿ ತಿಕ್ಕೂ ಮುಂಚೆ ನೀರು ಹಾಕಿ ಇಡೂದಿಲ್ಲೇನು, ಹಂಗ. ಆಮ್ಯಾಲೆ ಅಂಚಿನಿಂದ ನಡುವಿಗೆ ಒರಸಬೇಕು. ನಡುವಿಂದ ಹೊರಗ ಒರಸಿದ್ರ ಹೊಲಸು ಸುತ್ತಿನ ಸಣ್ಣ ಭಾಗಕ್ಕೆಲ್ಲಾ ಬಳಕೋತದ. ಅರಿವಿ ಮಗ್ಗಲಾ ಬದಲಿಸ್ಕೋತ ಐದಾರು ಸಲಾ ಒರಸಿದೆ. ಗಟ್ಟಿದಕ್ಕ ಹಳೇ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಅಂಚು ಸಾಕಾತು. ಲೋಹದಾಗ ಟಾರ್ಚಿನ ಬೆಳಕು ಕಾಣಿಸ್ದಾಗ ಬಿಟ್ಟೆ. ಒರಸಿದ ಜಾಗಾ ಮತ್ತ ಬಟ್ಟಿಲೆ ಮುಟ್ಟಬಾರದು, ಕೈ ಜಿಡ್ಡು ಹತ್ತತದ.

ಹೊಸಾ ಪೇಸ್ಟ್ ನಟ್ಟ ನಡುವ, ತೊಗರಿಬ್ಯಾಳಿ ಎರಡು ಹೋಳು ಕೂಡಿಸಿದ್ರ ಎಷ್ಟೋ ಅಷ್ಟ. ಇಷ್ಟ ಸಾಕೇನು ಅಂತ ನಮ್ಮನಿಯವರಿಗೆ ಚಿಂತಿ. ಗಟ್ಟಿ ಇಟ್ಟು ಒತ್ತಿದ್ರ ತಾನೇ ಹರಡ್ತದ. ಗೂಟದ ತಲಿ ಬಾಣದ ಎದುರು ದಿಕ್ಕಿಗೆ ತಿರುವಿ ಇಟ್ಟು, ಒಂದು ಮೂಲಿ ಒತ್ತಿದ್ರ ಆಮ್ಯಾಲೆ ಅದರ ಎದುರು ಮೂಲಿ. ಪ್ರತಿ ಗೂಟಕ್ಕ ಟಕ್ ಅಂತ ಸಪ್ಪಳ ಬರಬೇಕು. ಆ ಎದ್ದಿದ್ದ ಗೂಟ ಮೂರನೇ ಸಲಕ್ಕ ಟಕ್ ಅಂತು. ಫ್ಯಾನಿನ ಸಣ್ಣ ವೈರ್ ಮೊದಲಿದ್ದಲ್ಲೇ ಸಿಗಿಸಿ, ಡಬ್ಬಿ ಮುಚ್ಚಿ ಚಾಲೂ ಮಾಡಿದ್ವಿ. ಬಯಾಸ್ ಪರದೆ: 47. ಕಾಲು ತಾಸು ಕೂತು ನೋಡಿದ್ವಿ, 51ಕ್ಕ ನಿಂತು ಮ್ಯಾಲೆ ಹೋಗ್ಲಿಲ್ಲ. ಕೋಣಿನೇ 37 ಇತ್ತು, ಫ್ಯಾನು ಕೋಣಿಗಿಂತ ತಣ್ಣಗ ಮಾಡ್ಲಿಕ್ಕೆ ಅದೇನು ಫ್ರಿಜ್ ಅಲ್ಲ.

ಪೇಸ್ಟ್, ಐಪಿಎ ಕೂಡಿ ಐದುನೂರರ ಒಳಗ ಆತು.

ಮರುದಿನಾ ಅಲುಗಿದ ಕ್ಯಾಸೆಟ್ ಮುಟ್ಟಲಿಲ್ಲ, ಬ್ಯಾರೆದು ಹಾಕಿದೆ. ಹತ್ತು ನಿಮಿಷ ದಾಟ್ತು, ಇಪ್ಪತ್ತು ದಾಟ್ತು, ನಾ ಉಸರು ಬಿಗಿಹಿಡದು ಕೂತಿದ್ದೆ. ಇಪ್ಪತ್ತೆಂಟನೇ ನಿಮಿಷಕ್ಕ ಅವ್ವ ಪದಾ ಅರ್ಧಕ್ಕ ಬಿಟ್ಟು, "ಏ, ಆ ಕರಾ ಹಾಲು ಕುಡಿಯಾಕ್ಹತ್ತೇದ, ಬಿಡಸ್ರೇ" ಅಂತಾಳ. ಹಿಂದ ಯಾರೋ ನಗ್ತಾರ, ಓಡಿ ಹೋದ ಸಪ್ಪಳಾ ಬರ್ತದ. ಆ ಓಡಿದಾಕಿ ನಾನೇ ಇರಬೇಕು. ಆಮ್ಯಾಲೆ ಅವ್ವ ಬಿಟ್ಟ ನುಡಿಯಿಂದನೇ ಮತ್ತ ಹಿಡೀತಾಳ.

ಐದು ಕ್ಯಾಸೆಟ್ ಇಳದಾವ. ಉಳದ ಎರಡರಾಗ ಒಂದರದು ಪಟ್ಟಿ ಒತ್ತೂ ಸಣ್ಣ ಉಣ್ಣಿ ತುಂಡು ಉದರಿ ಬಿದ್ದದ. ಅದನ್ನ ಅಂಟಿಸೂದು ಹೆಂಗಂತ ಈಗ ನೋಡ್ಲಿಕ್ಕೆ ಹತ್ತೀನಿ.