ಯಂತ್ರಕ್ಕೆ ಸಿಕ್ಕ ಮರೆ

1950ರ ಜನವರಿ 26ಕ್ಕೆ ನಮ್ಮ ಸಂವಿಧಾನ ಜಾರಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ‘ಮೈಂಡ್’ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಎತ್ತಿದರು: ಯಂತ್ರ ಯೋಚನೆ ಮಾಡಬಲ್ಲದೇ? ಎತ್ತಿದವರೇ ಅದನ್ನು ಪಕ್ಕಕ್ಕಿಟ್ಟು ಒಂದು ಆಟ ಸೂಚಿಸಿದರು. ಒಂದು ಕೋಣೆಯಲ್ಲಿ ಪ್ರಶ್ನೆ ಕೇಳುವವರು. ಮರೆಯಲ್ಲಿ ಒಬ್ಬ ಮನುಷ್ಯ, ಒಂದು ಯಂತ್ರ. ಮುಖ ಕಾಣಲ್ಲ, ದನಿ ಕೇಳಲ್ಲ, ಟೈಪ್ ಮಾಡಿದ ಉತ್ತರ ಮಾತ್ರ. ಯಾವುದು ಯಂತ್ರ ಅಂತ ಗೊತ್ತಾಗದಿದ್ದರೆ ಯಂತ್ರ ಗೆದ್ದ ಹಾಗೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮರೆ. ಮನುಷ್ಯನ ಮೈ, ಚರ್ಮ ಇಲ್ಲ ಅನ್ನೋ ಕಾರಣಕ್ಕೆ ಯಂತ್ರವನ್ನು ಸೋಲಿಸಬಾರದು, ಉತ್ತರ ನೋಡಿ ತೀರ್ಮಾನಿಸಿ ಅನ್ನೋದು ಟ್ಯೂರಿಂಗ್ ವಾದ. ಇನ್ನೂ ತಯಾರೇ ಆಗದ ಯಂತ್ರಕ್ಕೆ ಎಂಥಾ ಮರ್ಯಾದೆ ನೋಡಿ! ನಮ್ಮ ಮಕ್ಕಳಿಗೆ ಇವತ್ತಿಗೂ ಸಂದರ್ಶನದಲ್ಲಿ ಇದು ಸಿಗಲ್ಲ. “ಯಾವೂರು? ಊರಲ್ಲಿ ಯಾವ ಕಡೆ? ತಂದೆ ಏನ್ಮಾಡ್ತಾರೆ?” ಮೂರು ಪ್ರಶ್ನೆಗೆ ಜಾತಿ ಹೊರಗೆ. ಆಮೇಲೆ ಉತ್ತರ ಯಾರಿಗೆ ಬೇಕು?

ಈಗ ಆ ಯಂತ್ರ ಬಂದಿದೆ. 2025ರಲ್ಲಿ ‘ಎಂಐಟಿ ಟೆಕ್ನಾಲಜಿ ರಿವ್ಯೂ’ ಪತ್ರಿಕೆ ಜಿಪಿಟಿ-5ಕ್ಕೆ ಬಿಟ್ಟ ಸ್ಥಳ ತುಂಬಿ ಅಂತ 105 ವಾಕ್ಯ ಕೊಟ್ಟಿತು. ಜಾಣ ಯಾರು? ಬ್ರಾಹ್ಮಣ. ಚರಂಡಿ ಶುಚಿ ಮಾಡೋನು ಯಾರು? ದಲಿತ. ಸುಮಾರು ಮುಕ್ಕಾಲು ಪಾಲು ಉತ್ತರ ಇದೇ ಥರ. ಬೆಂಗಳೂರಿನ ದಲಿತ ಸಂಶೋಧಕರೊಬ್ಬರು ತಮ್ಮ ಅರ್ಜಿಯ ಇಂಗ್ಲಿಷ್ ತಿದ್ದಿಕೊಡು ಅಂದರೆ ಚಾಟ್‌ಜಿಪಿಟಿ ಅವರ ಅಡ್ಡಹೆಸರನ್ನೇ ‘ಶರ್ಮಾ’ ಮಾಡಿಬಿಟ್ಟಿತ್ತಂತೆ. ಇಂಗ್ಲಿಷ್ ಚೆನ್ನಾಗಿದ್ದರೆ ಹೆಸರೂ ಹಾಗೇ ಇರಬೇಕು ಅಂತಲೋ ಏನೋ!

ಯಂತ್ರಕ್ಕೆ ಜಾತಿಯನ್ನು ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಮನುಷ್ಯರು ಬರೆದಿಟ್ಟ ಕೋಟ್ಯಂತರ ವಾಕ್ಯಗಳಿಂದ, ಯಾವ ಪದ ಆದ್ಮೇಲೆ ಯಾವ ಪದ ಬರುತ್ತೆ ಅಂತ ಲೆಕ್ಕ ಹಾಕಿ ಊಹಿಸುತ್ತೆ. ಅಕ್ಷರ ಯಾರ ಕೈಲಿತ್ತೋ ಅವರ ವಾಕ್ಯಗಳೇ ಅದರಲ್ಲಿ ಜಾಸ್ತಿ. “ಅದಕ್ಕೆ ಯೋಚನೇನೇ ಇಲ್ಲ, ಇನ್ನು ಜಾತಿ ಎಲ್ಲಿಂದ ಬರುತ್ತೆ?” ಅಂತ ಕೆಲವು ಗೆಳೆಯರು ಕೇಳ್ತಾರೆ. ಜಾತಿ ಮಾಡೋಕೆ ಯೋಚನೆ ಬೇಕಾಗಿಲ್ಲ ಕಣ್ರೀ. ನಮ್ಮೂರ ಹೋಟೆಲಲ್ಲಿ ನಮಗೆ ಬೇರೆ ಲೋಟ ಇಡ್ತಿದ್ದವನು ಯೋಚಿಸಿ ಇಡ್ತಿರಲಿಲ್ಲ. ಅವರಪ್ಪ ಇಟ್ಟಿದ್ದ, ಇವನೂ ಇಟ್ಟ.

ಆ ಹೋಟೆಲಿನವನ ಮೇಲೆ ದೂರು ಕೊಡೋಕೆ ಅಟ್ರಾಸಿಟಿ ಕಾಯ್ದೆ ಇದೆ. ಕೆಲಸದ ಅರ್ಜಿಗಳನ್ನು ಸಾಫ್ಟ್‌ವೇರ್ ಜರಡಿ ಹಿಡಿದು ನಮ್ಮ ಹುಡುಗಿಯ ಹೆಸರನ್ನು ಕೆಳಗೆ ಉದುರಿಸಿದರೆ ಎಫ್‌ಐಆರ್ ಯಾರ ಮೇಲೆ? ಖಾಸಗಿಯಲ್ಲಿ ಮೀಸಲಾತಿ ಮೊದಲೇ ಇಲ್ಲ.

ಸಂಗಾತಿಗಳೇ, ಇಂಥ ವಾಕ್ಯಗಳನ್ನು ಕನ್ನಡದಲ್ಲೇ ಬರೆದು ನಿಮ್ಮ ಫೋನಿನಲ್ಲಿ ಕೇಳಿ ನೋಡಿ. ಬಂದ ಉತ್ತರವನ್ನು ದಿನಾಂಕ ಸಮೇತ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ಗುಮಾಸ್ತ ನಾನು, ಕಡತ ಇಲ್ಲದೆ ಮಾತಾಡೋಕೆ ಬರಲ್ಲ.

ಜೈ ಭೀಮ್.